ನೇತಾಜಿ ಏರಿದ ನೌಕೆಗೆ ಒಂದು ಸಂಖ್ಯೆಯಿತ್ತು

ಮಾನ್ಯ ಸಂಪಾದಕರೇ,

ಜನವರಿ 23ರ ಸಂಚಿಕೆಯಲ್ಲಿ, 1943ರಲ್ಲಿ ಜರ್ಮನಿಯಿಂದ ಪೂರ್ವದೇಶಗಳತ್ತ ನೇತಾಜಿಯವರು ಕೈಗೊಂಡ ಸಾಗರಯಾನದ ಲೇಖನ ಓದಿದೆ. ಅವರು ಜರ್ಮನಿಯ ಅತ್ಯುತ್ತಮ ಜಲಾಂತರ್ಗಾಮಿಯೊಂದರಲ್ಲಿ ತಿಂಗಳುಗಟ್ಟಲೆ ಕಡಲಾಳದಲ್ಲೇ ಪಯಣಿಸಿದರು ಎಂದು ಅದರಲ್ಲಿದೆ. ಜೀವನವಿಡೀ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಈ ಮಾತನ್ನು ಸುಮ್ಮನೆ ದಾಟಿ ಹೋಗಲಾರೆ.

ಆ ಜಲಾಂತರ್ಗಾಮಿ ಯು-180. ಜರ್ಮನಿಯ ಬ್ರೆಮೆನ್‌ನ ಎ.ಜಿ. ವೇಸರ್ ಹಡಗುಕಟ್ಟೆಯಲ್ಲಿ 1941ರ ಫೆಬ್ರುವರಿಯಲ್ಲಿ ಕೆಲಸ ಶುರುವಾಗಿ, ಡಿಸೆಂಬರ್‌ನಲ್ಲಿ ನೀರಿಗಿಳಿದು, 1942ರ ಮೇ 16ರಂದು ನೌಕಾಪಡೆಗೆ ಸೇರಿತು. ಒಂಬತ್ತು-ಡಿ-ಒಂದು ಎಂಬ ಈ ಮಾದರಿಯಲ್ಲಿ ಕಟ್ಟಿದ್ದು ಎರಡೇ ನೌಕೆ. ಮೂರನೆಯದನ್ನು ಯಾರೂ ಕೇಳಲಿಲ್ಲ. ಕಾರಣ ಎಂಜಿನ್.

ಟಾರ್ಪೆಡೊ ದೋಣಿಗಳಿಗೆಂದು ತಯಾರಾದ ಮರ್ಸಿಡಿಸ್ ಬೆಂಜ್ ಡೀಸೆಲ್‌ಗಳನ್ನು, ಒಂದಲ್ಲ ಎರಡಲ್ಲ, ಆರನ್ನು ಇದರ ಹೊಟ್ಟೆಗೆ ತುರುಕಿದರು. ಒಂದೊಂದಕ್ಕೆ 20 ಸಿಲಿಂಡರ್, 1,500 ಅಶ್ವಶಕ್ತಿ. ಲೆಕ್ಕ ಹಾಕಿ: ಉಕ್ಕಿನ ಕೊಳವೆಯೊಳಗೆ 120 ಸಿಲಿಂಡರ್! ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರ್ ಶೆಡ್ಡಿನೊಳಗೆ ಓಡಿದರೇ ಕಣ್ಣುರಿ ಬರುತ್ತದೆ. ನೀರಿನ ಮೇಲೆ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟುವ ವೇಗವೇನೋ ಸಿಕ್ಕಿತು. ಜೊತೆಗೆ ವಿಪರೀತ ಹೊಗೆ, ಮುಗಿಯದ ರಿಪೇರಿ. ಅವಿತುಕೊಂಡು ಸಾಗಬೇಕಾದ ನೌಕೆ ಹೊಗೆಯುಗುಳುತ್ತಾ ಹೋದರೆ ಹೇಗೆ?

ಕಡಲಾಳದ ಮಾತೂ ಅಷ್ಟೇ. ಡೀಸೆಲ್‌ಗೆ ಗಾಳಿ ಬೇಕು. ಮುಳುಗಿದಾಗ ಓಡುವುದು ಬ್ಯಾಟರಿಯಿಂದ. ಅದನ್ನು ಚಾರ್ಜ್ ಮಾಡಲು ಮತ್ತೆ ಮೇಲೇಳಲೇಬೇಕು. ನೇತಾಜಿ, ಅವರ ಸಹಚರ ಅಬಿದ್ ಹಸನ್ ಇಬ್ಬರೂ ದಾರಿಯ ಬಹುಪಾಲನ್ನು ನೀರಿನ ಮೇಲೆ ಹೊಯ್ದಾಡುತ್ತಲೇ ಸವೆಸಿರಬೇಕು.

1943ರ ಫೆಬ್ರುವರಿ 9ರಂದು ಜರ್ಮನಿಯ ಕೀಲ್ ಬಂದರು ಬಿಟ್ಟ ನೌಕೆಗೆ ವರ್ನರ್ ಮೂಸೆನ್‌ಬರ್ಗ್ ಕಪ್ತಾನ. ಏಪ್ರಿಲ್ 18ರಂದು ಆಫ್ರಿಕಾದ ದಕ್ಷಿಣ ತುದಿಯ ಸಮೀಪ ಅದು ಕಾರ್ಬಿಸ್ ಎಂಬ ಬ್ರಿಟಿಷ್ ತೈಲ ಹಡಗನ್ನು ಮುಳುಗಿಸಿತು. ಆಗ ನೇತಾಜಿ ಒಳಗಿದ್ದರು. ಆ ಹಡಗಿನವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ನಮ್ಮ ಲೇಖನಗಳಲ್ಲಿ ಈ ಸಂಗತಿ ಕಾಣುವುದು ಅಪರೂಪ.

ಅದೇ ತಿಂಗಳ ಕೊನೆಗೆ ಮಡಗಾಸ್ಕರ್‌ನ ಆಗ್ನೇಯಕ್ಕೆ ಅವರನ್ನು ಒಯ್ಯಲು ಬಂದ ಜಪಾನಿನ ಐ-29 ಜಲಾಂತರ್ಗಾಮಿ ಎದುರಾಯಿತು. ಕಡಲು ಉಕ್ಕುತ್ತಿತ್ತು, ಕಾಯಬೇಕಾಯಿತು. ಕೊನೆಗೆ ರಬ್ಬರ್ ತೆಪ್ಪದಲ್ಲಿ ಇಬ್ಬರೂ ಆಚೆ ದಾಟಿದರು. ಬದಲಿಗೆ ಇತ್ತ ಬಂದದ್ದು ಇಬ್ಬರು ಜಪಾನಿ ನೌಕಾಧಿಕಾರಿಗಳು ಮತ್ತು ಸುಮಾರು ಎರಡು ಟನ್ ಚಿನ್ನ. ವಾಪಸಾಗುತ್ತಾ ಬೋರಿಸ್ ಎಂಬ ಗ್ರೀಕ್ ಹಡಗನ್ನು ಮುಳುಗಿಸಿ, ಜುಲೈ 3ರಂದು ಯು-180 ಫ್ರಾನ್ಸಿನ ಬೋರ್ಡೋ ಬಂದರು ತಲುಪಿತು.

ಆಮೇಲೆ ಆ ಆರೂ ಎಂಜಿನ್‌ಗಳನ್ನು ಕಿತ್ತರು. ಎರಡು ಸಾಧಾರಣ ಡೀಸೆಲ್ ಕೂರಿಸಿ, ಟಾರ್ಪೆಡೊ ಕೊಳವೆಗಳನ್ನೂ ತೆಗೆದು ಸರಕು ಸಾಗಿಸುವ ನೌಕೆಯಾಗಿ ಮಾಡಿದರು. ಒಂದು ಮಾತಿನಲ್ಲಿ, ರೇಸ್ ಕಾರು ಲಗೇಜ್ ಆಟೊ ಆಯಿತು. 1944ರ ಆಗಸ್ಟ್‌ನಲ್ಲಿ ಪೂರ್ವದೇಶಗಳತ್ತ ಹೊರಟದ್ದು ಫ್ರಾನ್ಸಿನ ಪಶ್ಚಿಮದ ಬಿಸ್ಕೇ ಕೊಲ್ಲಿಯಲ್ಲೇ ಕಾಣೆಯಾಯಿತು. ಇದ್ದ 56 ಜನರೂ ಹೋದರು. ಐ-29ನ್ನು ಅದಕ್ಕೂ ತಿಂಗಳ ಮುಂಚೆ, ಜುಲೈ 26ರಂದು, ಅಮೆರಿಕದ ಸಾಫಿಶ್ ಜಲಾಂತರ್ಗಾಮಿ ಫಿಲಿಪೀನ್ಸ್‌ನ ಲೂಜಾನ್ ದ್ವೀಪದ ಬಳಿ ಹೊಡೆದು ಮುಳುಗಿಸಿತ್ತು.

ಮುಂದಿನ ಜನವರಿಯಲ್ಲಿ ದಯವಿಟ್ಟು ‘ಒಂದು ಜರ್ಮನ್ ನೌಕೆ’ ಎನ್ನುವ ಬದಲು ಯು-180 ಎಂದೇ ಅಚ್ಚು ಹಾಕಿಸಿ.

ಒಬ್ಬ ನಿವೃತ್ತ ಡೀಸೆಲ್ ಮೆಕ್ಯಾನಿಕ್
ಹಾವೇರಿ