ಸೋಲಿಸಿದ್ದು ನೋಡುಗರಲ್ಲ

ಸಂಪಾದಕರೆ,

ಹಳೆಯ ಅಮೆರಿಕನ್ ಭೂತ-ಪ್ರೇತದ ಟಿ.ವಿ. ಸರಣಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿಸಿಕೊಂಡು ಹೋಯಿತು. ಆದರೆ ಭಯಾನಕ ಚಿತ್ರಗಳ ನಟ ಬೋರಿಸ್ ಕಾರ್ಲಾಫ್ ನಿರೂಪಿಸಿದ ‘ದಿ ವೇಲ್’ (1958) ನೋಡುಗರಿಗೆ ಹಿಡಿಸದೆ ನಿಂತುಹೋಯಿತು ಎಂದಿರುವುದು ತಪ್ಪು. ಅದು ಆಗ ಪ್ರಸಾರವೇ ಆಗಲಿಲ್ಲ.

ನಿಜವಾಗಿ ನೋಡುಗರಿಲ್ಲದೆ ಸೊರಗಿದ್ದು ‘ವೇ ಔಟ್’. ಲೇಖಕ ರೋಲ್ಡ್ ಡಾಲ್ ನಿರೂಪಕ. 1961ರ ಮಾರ್ಚ್ 31ರಿಂದ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು, ಅದರ ಬೆನ್ನಿಗೇ ಜನಪ್ರಿಯ ಸರಣಿ ‘ಟ್ವೈಲೈಟ್ ಝೋನ್’. ಅಂಥ ಹೊತ್ತು ಸಿಕ್ಕಿಯೂ ಜುಲೈ ಹೊತ್ತಿಗೆ 14 ಕಂತಿಗೇ ಬಾಗಿಲು ಹಾಕಿತು. ಫೋಟೊ ತಿದ್ದುವವನ ಅರ್ಧ ಮುಖವೇ ಅಳಿಸಿಹೋಗುವ ‘ಸಾಫ್ಟ್ ಫೋಕಸ್’ ಕಂತಿನಲ್ಲಿ ಡಿಕ್ ಸ್ಮಿತ್ ಮಾಡಿದ ಮೇಕಪ್ ಇಂದಿಗೂ ಮೈ ಜುಮ್ಮೆನಿಸುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿಗೆ ಅದು ಕೊಂಚ ಜಾಸ್ತಿಯೇ ಆಗಿದ್ದಿರಬೇಕು.

‘ದಿ ವೇಲ್’ ಕೆಟ್ಟದ್ದು ಹಣದ ವ್ಯವಹಾರದಲ್ಲಿ. ಅದನ್ನು ತಯಾರಿಸಿದ್ದು ಲಾರೆಲ್-ಹಾರ್ಡಿ ಚಿತ್ರಗಳಿಗೆ ಹೆಸರಾದ ಹಾಲ್ ರೋಚ್ ಸ್ಟುಡಿಯೊ. 1958ರಲ್ಲಿ ಆ ಸ್ಟುಡಿಯೊ ಅಲೆಕ್ಸಾಂಡರ್ ಗುಟರ್ಮಾ ಎಂಬ ಹಣಕಾಸುದಾರನ ಕೈಗೆ ಹೋಯಿತು. ಮರುವರ್ಷವೇ ಅವನು ಷೇರು ಅವ್ಯವಹಾರದ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ, ಸ್ಟುಡಿಯೊ ದಿವಾಳಿಯಾಯಿತು. 1963ರಲ್ಲಿ ಕಟ್ಟಡಗಳನ್ನೂ ಕೆಡವಿದರು. ಸ್ಟುಡಿಯೊ ದಿವಾಳಿಯಾಗುವಷ್ಟರಲ್ಲಿ ತಯಾರಾದ ಕಂತುಗಳು ಒಂದು ಡಜನ್ ದಾಟಿರಲಿಲ್ಲ. ಆಗ ವರ್ಷಕ್ಕೆ 39 ಹೊಸ ಕಂತು, ಮಿಕ್ಕ 13 ವಾರ ಮರುಪ್ರಸಾರ ಎಂಬ ಲೆಕ್ಕದಲ್ಲಿ ಸರಣಿಗಳು ಮಾರಾಟವಾಗುತ್ತಿದ್ದವು. ಮೂರು ತಿಂಗಳಿಗೆ ಮುಗಿದುಹೋಗುವ ಸರಕನ್ನು ಯಾವ ಟಿ.ವಿ. ಕೇಂದ್ರ ಕೊಳ್ಳುತ್ತದೆ? ಕೊನೆಗೆ ಮೂರು-ನಾಲ್ಕು ಕಂತುಗಳನ್ನು ಅಂಟಿಸಿ ಸಿನಿಮಾದಂತೆ ಮಾಡಿ ಬಿಟ್ಟರು.

ಸರಣಿ ಅಪ್ರತಿಮವೇನಲ್ಲ. ಉರಿಯುವ ಅಗ್ಗಿಷ್ಟಿಕೆಯ ಮುಂದೆ ನಿಂತು ಕಾರ್ಲಾಫ್ ಕಥೆಗೆ ಪೀಠಿಕೆ ಹಾಕುತ್ತಾರೆ. ಆಮೇಲೆ ನಡೆದದ್ದಿಷ್ಟು, ಕಾರಣ ಗೊತ್ತಿಲ್ಲ ಎಂಬ ಧಾಟಿ. ಕೊನೆಯಲ್ಲಿ ದೊಡ್ಡ ತಿರುವು ಬಯಸುವವರಿಗೆ ಸಪ್ಪೆ ಎನಿಸಬಹುದು. ಆದರೆ ‘ಜ್ಯಾಕ್ ದಿ ರಿಪ್ಪರ್’ ಒಂದನ್ನು ಬಿಟ್ಟು ಎಲ್ಲ ಕಂತುಗಳಲ್ಲೂ ಕಾರ್ಲಾಫ್ ಪಾತ್ರವನ್ನೂ ಮಾಡಿದ್ದಾರೆ. ‘ಫುಡ್ ಆನ್ ದಿ ಟೇಬಲ್’ನಲ್ಲಿ ಹೆಂಡತಿಗೆ ವಿಷ ಹಾಕುವ ಹಡಗಿನ ಕಪ್ತಾನ ಅವರೇ.

ನಮ್ಮವರು ನೋಡಲೇಬೇಕಾದ್ದು ‘ದಿ ರಿಟರ್ನ್ ಆಫ್ ಮೇಡಂ ವೆರ್ನಾಯ್’. ಸಾಂತಾ ನಾಯ್ಡು ಎಂಬ ಹುಡುಗಿ ಹಿಂದಿನ ಜನ್ಮದ ಗಂಡನನ್ನು ಹುಡುಕಿಕೊಂಡು ಹೋಗುವ ಕಥೆ; ಆ ಜನ್ಮದ ಮಗ ಕೃಷ್ಣನಾಗಿ ಅಮೆರಿಕದ ನಟ ಜಾರ್ಜ್ ಹ್ಯಾಮಿಲ್ಟನ್! 1935ರಲ್ಲಿ ದೇಶವೆಲ್ಲ ಮಾತಾಡಿಕೊಂಡ, ಹಿಂದಿನ ಜನ್ಮ ನೆನಪಿದೆ ಎಂದ ದೆಹಲಿಯ ಹುಡುಗಿ ಶಾಂತಿದೇವಿಯ ಪ್ರಕರಣ ನೆನಪಾಗದೆ ಇರದು. ಅಂದಹಾಗೆ, ಕಾರ್ಲಾಫ್ ಅವರ ನಿಜ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಆಂಗ್ಲೋ-ಇಂಡಿಯನ್ ಮೂಲದವರು. ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಇಲಾಖೆಯಲ್ಲಿದ್ದವರು.

ನೋಡುವವರಿಗೆ ಒಂದೆರಡು ಮಾತು. ಬಿಡಿ ಕಂತು ಸುಮಾರು 25 ನಿಮಿಷ. ಒಂದು ಗಂಟೆ ದಾಟಿದ್ದರೆ ಅದು ಅಂಟಿಸಿದ ಸಿನಿಮಾ. ಎಲ್ಲ ಸಂಗ್ರಹಗಳಲ್ಲೂ ಎಲ್ಲ ಕಂತುಗಳಿರುವುದಿಲ್ಲ, ಕಂತಿನ ಹೆಸರು ನೋಡಿಕೊಂಡೇ ಡಿವಿಡಿ ಕೊಳ್ಳಿ. ಪ್ರಸಾರವೇ ಆಗದ್ದರಿಂದ ಸರಿಯಾದ ಕ್ರಮ ಎಂಬುದಿಲ್ಲ, ಎಲ್ಲಿಂದ ಬೇಕಾದರೂ ಶುರುಮಾಡಬಹುದು. ಟಿ.ವಿ.ಯ ಚಿತ್ರದ ಅಳತೆಯನ್ನು 4:3ಕ್ಕೆ ಇಡಿ, ಇಲ್ಲದಿದ್ದರೆ ಮುಖಗಳು ಅಡ್ಡಕ್ಕೆ ಹಿಗ್ಗುತ್ತವೆ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಚಲನೆಯನ್ನು ನಯ ಮಾಡುವ ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿ. ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮಿನ ನಡುನಡುವೆ ಟಿ.ವಿ. ತಾನೇ ಚಿತ್ರ ಹೆಣೆದು ತೂರಿಸುವುದರಿಂದ ಎಲ್ಲವೂ ನಿನ್ನೆ ತೆಗೆದ ಧಾರಾವಾಹಿಯಂತೆ ಕಾಣುತ್ತದೆ. ಚಿತ್ರ ಮಬ್ಬಾಗಿದೆಯೆಂದು ಬ್ರೈಟ್‌ನೆಸ್ ಏರಿಸಬೇಡಿ. ನಕಲಿನ ನಕಲಿನಲ್ಲಿ ನೆರಳಿನ ಭಾಗದ ವಿವರ ಆಗಲೇ ಅಳಿಸಿರುತ್ತದೆ, ಏರಿಸಿದರೆ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ ಅಷ್ಟೆ.

– ಒಬ್ಬ ಓದುಗ, ಮೈಸೂರು