ದನದ ಗಾಡಿ ಒಳಗೆ, ಬಸ್ಸು ನಾಲೆ ಏರಿಗೆ

ಮಾನ್ಯ ಸಂಪಾದಕರೇ,

ಕಾಲುಬಾಯಿ ಜ್ವರಕ್ಕೆಂದು ನಮ್ಮ ಹೋಬಳಿಯ ರಸ್ತೆ ಮುಚ್ಚಿರುವ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ವರದಿ ಅರ್ಧ ಮಾತ್ರ ಸರಿ. ಬಸ್ಸೂ ಕಬ್ಬಿನ ಟ್ರ್ಯಾಕ್ಟರೂ ನಾಲೆ ಏರಿ ಮೇಲೆ ಎದುರುಬದುರಾಗಿ ಮೂರು ಗಂಟೆ ನಿಂತವು ಎಂದು ಬರೆದಿದ್ದೀರಿ. ಬಸ್ಸು ಏರಿಗೆ ಯಾಕೆ ಹೋಯಿತು ಎಂಬುದನ್ನೂ ಬರೆಯಬೇಕಿತ್ತು. ಡೈರಿ ಮುಂದಿನ ಟಾರು ರಸ್ತೆಗೆ ಬ್ಯಾರಿಕೇಡ್ ಅಡ್ಡ ಇಟ್ಟು ಸಿಕ್ಕ ವಾಹನವನ್ನೆಲ್ಲ ಅತ್ತ ತಿರುಗಿಸಿದ್ದಾರೆ. ಅದನ್ನಾದರೂ ಹೆದ್ದಾರಿ ಕೈಮರದ ಬಳಿ ಇಟ್ಟರೇ? ಅಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೆ ಇಟ್ಟಿದ್ದಾರೆ. ಲೋಡು ಲಾರಿ ಅಷ್ಟು ದೂರ ಬಂದ ಮೇಲೆ ರಸ್ತೆ ಬಂದ್ ಎಂದು ತಿಳಿಯುತ್ತದೆ, ತಿರುಗಿಸಿಕೊಳ್ಳಲು ಜಾಗವಿಲ್ಲ, ಹಿಂದೆ ಹತ್ತು ಗಾಡಿ ನಿಂತಿರುತ್ತವೆ.

2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತದ್ದು ಇದೇ ಮಂಡ್ಯ ಜಿಲ್ಲೆಯಲ್ಲಿ. ಸತ್ತವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದಾದ ಮೇಲೂ ತಡೆಗೋಡೆಯಿಲ್ಲದ ಏರಿಗೆ, ನಾಲೆಯಲ್ಲಿ ನೀರು ಬಿಟ್ಟಿರುವಾಗ, ಬಸ್ಸು ತಿರುಗಿಸಿ ಎಂದು ಆದೇಶ ಬರೆಯಲು ಅಧಿಕಾರಿಗಳಿಗೆ ಮನಸ್ಸಾದರೂ ಹೇಗೆ ಬಂತು?

ರೋಗ ತಡೆಯಬೇಡಿ ಎಂದು ಯಾರೂ ಹೇಳುತ್ತಿಲ್ಲ. 2013ರಲ್ಲಿ ಈ ಜ್ವರ ರಾಜ್ಯದಲ್ಲಿ ಸಾವಿರಾರು ದನಗಳನ್ನು ನುಂಗಿದ್ದು ಹಾಲು ಕರೆದು ಬದುಕುವ ಯಾರಿಗೂ ಮರೆತಿಲ್ಲ. ಸಿಟ್ಟು ಇರುವುದು ತಡೆಯಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತಿರುವುದಕ್ಕೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ 2009ರಲ್ಲಿ ಬಂದ ಕೇಂದ್ರ ಕಾಯ್ದೆ ಹಿಡಿದು ನಿಲ್ಲಿಸಿ ಎನ್ನುವುದು ದನಗಳ ಸಾಗಾಟವನ್ನು, ಸಂತೆ ಜಾತ್ರೆಗಳನ್ನು, ರೋಗದ ದನ ಮುಟ್ಟಿದ ಹುಲ್ಲು ಹಾಸನ್ನು. ಇಲ್ಲಿ ನಡೆಯುತ್ತಿರುವುದೇನು? ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬೈಕಿನವರ ಹೆಸರು ಬರೆದುಕೊಳ್ಳುತ್ತಾರೆ. ಕತ್ತಲಾದರೆ ಚೆಕ್‌ಪೋಸ್ಟಿನಲ್ಲಿ ಒಬ್ಬರೂ ಇಲ್ಲ. ಟಾರ್ಪಾಲು ಕಟ್ಟಿದ ಪಿಕಪ್‌ಗಳು ದನ ತುಂಬಿಕೊಂಡು ಹೊರಡುವುದೇ ಆ ಹೊತ್ತಿಗೆ. ಸೋಂಕು ತಗುಲಿದ ದನಕ್ಕೆ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯುತ್ತದೆ. ಬಾಯಲ್ಲಿ ಬೊಬ್ಬೆ ಏಳುವ ಮೊದಲೇ ಜೊಲ್ಲಿನಲ್ಲಿ, ಹಾಲಿನಲ್ಲಿ ವೈರಸ್ ಬೀಳುತ್ತಿರುತ್ತದೆ. ನೋಡಲು ಚೆನ್ನಾಗಿದೆ ಎಂದು ಒಂದು ದನವನ್ನು ಬಿಟ್ಟರೆ ಒಂದು ಊರನ್ನೇ ಬಿಟ್ಟುಕೊಟ್ಟ ಹಾಗೆ. 2019ರಿಂದ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸಿ ಎಂದು 12 ಅಂಕಿಯ ಕಿವಿಯೋಲೆ ಚುಚ್ಚಿದ್ದಾರಲ್ಲ, ಚೆಕ್‌ಪೋಸ್ಟಿನಲ್ಲಿ ಅದನ್ನು ಓದುವವರು ಯಾರು?

ಗಾಲಿಗೆ ಅಂಟಿದ ಸೋಂಕು ಕಳೆಯಲೆಂದು ಬ್ಯಾರಿಕೇಡ್ ಪಕ್ಕ ಹಾಸಿರುವ ಗೋಣಿಚೀಲವನ್ನು ಅಧಿಕಾರಿಗಳು ಜೀಪಿನಿಂದ ಇಳಿದು ನೋಡಲಿ. ಅದರ ಉದ್ದ ಮೂರು ಅಡಿ. ಟ್ರ್ಯಾಕ್ಟರಿನ ಹಿಂದಿನ ಟೈರಿನ ಸುತ್ತಳತೆ 13 ಅಡಿ ದಾಟುತ್ತದೆ. ಚೀಲದ ಮೇಲೆ ಹಾದರೆ ಕಾಲುಭಾಗವೂ ಒದ್ದೆಯಾಗುವುದಿಲ್ಲ, ಮಿಕ್ಕ ಟೈರು ಮೆತ್ತಿದ ಸಗಣಿಯ ಸಮೇತ ಊರೊಳಗೆ ಹೋಗುತ್ತದೆ. ಗಾಲಿ ಒಂದು ಪೂರ್ತಿ ಸುತ್ತು ಉರುಳಬೇಕಾದರೆ ಕಡಿಮೆಯೆಂದರೂ 14 ಅಡಿ ಹಾಸಬೇಕು. ಬೆಳಿಗ್ಗೆ ಅದ್ದಿದ ಚೀಲ ಹನ್ನೊಂದರ ಬಿಸಿಲಿಗೆ ಹಪ್ಪಳದಂತೆ ಒಣಗಿರುತ್ತದೆ, ಮತ್ತೆ ನೀರು ಕಾಣುವುದು ಮಾರನೇ ದಿನ. ಅದಕ್ಕೆ ಹಾಕುವುದೂ ಬ್ಲೀಚಿಂಗ್ ಪೌಡರ್. ಸಗಣಿ, ಕೆಸರು ಸೇರಿದರೆ ಬ್ಲೀಚಿಂಗ್ ಸತ್ವ ಕಳೆದುಕೊಳ್ಳುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಬದಲಿಗೆ ಫಿನಾಯಿಲ್ ಹಾಕೋಣವೆಂದರೆ ಅದೂ ಈ ವೈರಸ್ಸಿಗೆ ನಂಬುವಂಥ ಮದ್ದಲ್ಲ. ಈ ವೈರಸ್ ಹುಳಿಗೂ ಸಾಯುತ್ತದೆ, ಕ್ಷಾರಕ್ಕೂ ಸಾಯುತ್ತದೆ. ಪಿಹೆಚ್ 6ಕ್ಕಿಂತ ಕೆಳಗೆ ಇಲ್ಲವೇ 9ಕ್ಕಿಂತ ಮೇಲೆ ಅದು ಉಳಿಯದು. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಸಾಕು, ಅಡುಗೆ ಸೋಡಾ ಅಲ್ಲ. ಲೀಟರಿಗೆ 40 ಗ್ರಾಂ, 200 ಲೀಟರ್ ಡ್ರಮ್ಮಿಗೆ 8 ಕಿಲೋ. ಮೊದಲು ಬರಿನೀರು ಹಾಕಿ ಟೈರಿನ ಹಲ್ಲುಗಳ ಸಂದಿಯ ಕೆಸರನ್ನು ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ಆಮೇಲೆ ಗದ್ದೆಗೆ ಔಷಧಿ ಹೊಡೆಯುವ ಪಂಪಿನಿಂದ ಟೈರಿಗೂ ಮಡ್‌ಗಾರ್ಡ್ ಒಳಗೂ ಟ್ರೇಲರ್ ಹಲಗೆಗೂ ಸೋಡಾ ನೀರು ಹೊಡೆದು ಹತ್ತು ನಿಮಿಷ ಒಣಗದಂತೆ ನಿಲ್ಲಿಸಬೇಕು. ತೊಳೆದ ನೀರು ಗುಂಡಿಗೆ ಹೋಗಬೇಕು, ನಾಲೆಗಲ್ಲ. ಇದಕ್ಕೆ ಇಬ್ಬರು ಆಳು, ಒಂದು ಪಂಪು, ಎರಡು ಡ್ರಮ್ ಸಾಕು.

ಹಾಲಿನ ಟೆಂಪೋ ಕತೆ ಇನ್ನೂ ಕೆಟ್ಟದ್ದು. ಕರೆದ ಹಾಲು ತಣ್ಣಗಾಗದಿದ್ದರೆ ಮೂರು ನಾಲ್ಕು ಗಂಟೆಯಲ್ಲಿ ಹುಳಿ ತಿರುಗುತ್ತದೆ. ಆವತ್ತು ಏರಿ ಮೇಲೆ ಸಿಕ್ಕಿಕೊಂಡ ಕ್ಯಾನುಗಳನ್ನು ಡೈರಿಯವರು ವಾಪಸ್ ಕಳಿಸಿದರು. ನಷ್ಟ ಯಾರದ್ದು ಎಂದು ಕೇಳಿದರೆ ಒಂದು ಇಲಾಖೆ ಇನ್ನೊಂದರ ಕಡೆ ಬೆರಳು ತೋರಿಸುತ್ತದೆ. ಅದು ಹಾಗಿರಲಿ, ಟೆಂಪೋ ಈಗಲೂ ರೋಗ ಬಂದ ಊರಿಗೆ ಮೊದಲು ಹೋಗಿ, ಅದೇ ಗಾಲಿಯಲ್ಲಿ ಐದು ಊರು ಸುತ್ತುತ್ತಿದೆ, ಆ ಊರು ದಾರಿಯಲ್ಲಿ ಮೊದಲು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ರೋಗವಿಲ್ಲದ ಊರುಗಳ ಹಾಲು ಮೊದಲು, ರೋಗದ ಊರಿನದ್ದು ಕೊನೆಗೆ, ಆ ಊರಿನ ಕ್ಯಾನು ಬೇರೆ ಊರಿಗೆ ಹೋಗಕೂಡದು. ಇಷ್ಟು ಬದಲಾಯಿಸಲು ಕಾಸೂ ಬೇಡ, ಸಭೆಯೂ ಬೇಡ.

ಕಬ್ಬಿಗೂ ದಾರಿ ಉಂಟು. ಕಡಿದ ಕಬ್ಬು ಗದ್ದೆಯಲ್ಲಿ ಒಣಗಿದಷ್ಟೂ ತೂಕ ಬೀಳುತ್ತದೆ, ಆದ್ದರಿಂದ ಬಂದ್ ಮಾಡುವಂತಿಲ್ಲ. ಟ್ರ್ಯಾಕ್ಟರುಗಳು ಬೆಳಿಗ್ಗೆ ಒಂದು ಕಡೆಗೆ, ಮಧ್ಯಾಹ್ನ ಇನ್ನೊಂದು ಕಡೆಗೆ ಎಂದು ಹೊತ್ತು ಗೊತ್ತುಮಾಡಿ ಟಾರು ರಸ್ತೆಯಲ್ಲೇ ಬಿಡಲಿ. ಆಲೆಮನೆಗೆ ಬರುವ ಎತ್ತಿನಗಾಡಿಯನ್ನು ಮಾತ್ರ ಈಗ ನಿಲ್ಲಿಸಬೇಕು. ಎತ್ತು ಜೊಲ್ಲು ಸುರಿಸಿದ ಕಬ್ಬಿನ ಸೋಗೆಯನ್ನು ಮನೆಗೆ ತಂದು ಹಸುವಿಗೆ ಹಾಕಿದರೆ ರೋಗವನ್ನು ಕೈಯಾರೆ ಉಣಿಸಿದಂತೆ. ಎತ್ತಿನಗಾಡಿಗೆ ಇವತ್ತಿಗೂ ತಡೆಯಿಲ್ಲ, ಬಸ್ಸಿಗಿದೆ.

ಈ ಅಧಿಕಾರಿಗಳು ಯಾವತ್ತು ನಮ್ಮನ್ನು ಕೇಳಿ ಮಾಡಿದ್ದಾರೆ? 2020ರ ಲಾಕ್‌ಡೌನಿನಲ್ಲಿ ಊರ ದಾರಿಗೆ ಜೆಸಿಬಿಯಿಂದ ಹಳ್ಳ ತೋಡಿದಾಗ ಸುಮ್ಮನಿದ್ದರು, ಮುಚ್ಚಿಸಲು ಒಂದು ಮಳೆಗಾಲ ಬೇಕಾಯಿತು. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಆಂಬ್ಯುಲೆನ್ಸ್ ಕೂಡ ಈಗ ಅದೇ ಏರಿ ಸುತ್ತಿಕೊಂಡೇ ಬರಬೇಕು. ಸಂಕ್ರಾಂತಿ ಸುತ್ತಮುತ್ತ ಚುಂಚನಕಟ್ಟೆ, ಹೇಮಗಿರಿ, ಮುಡುಕುತೊರೆ ದನದ ಜಾತ್ರೆ ಎಂದು ಹಳ್ಳಿಕಾರ್ ಎತ್ತಿನ ಜೋಡಿಗಳು ಹೊರಡುವ ಕಾಲ ಬರುತ್ತಿದೆ. ಜಾತ್ರೆಯಲ್ಲಿ ದನ ಕಟ್ಟಬಹುದೋ ಬೇಡವೋ ಎಂದು ಈಗಲೇ ಹೇಳಲಿ. ರೈತರು ಹಗ್ಗ, ಹುಲ್ಲು, ಪೆಂಡಾಲು ಎಂದು ಸಾಲ ಮಾಡಿದ ಮೇಲೆ ರದ್ದು ಎನ್ನಬೇಡಿ.

ಏರಿ ಮೇಲೆ ಬಸ್ಸು ಬಿಡುವುದನ್ನು ಇವತ್ತೇ ನಿಲ್ಲಿಸಿ. ಟಾರು ರಸ್ತೆ ತೆರೆಯಿರಿ, ದನದ ಗಾಡಿ ಹಿಡಿಯಿರಿ, ರಾತ್ರಿ ಪಾಳಿಗೆ ಜನ ಹಾಕಿ. ಅದಾಗದಿದ್ದರೆ ಆ ಚೀಲವನ್ನಾದರೂ ಒದ್ದೆ ಮಾಡಿ.

— ಹಾಲು ಉತ್ಪಾದಕರೊಬ್ಬರು, ಮಂಡ್ಯ ಜಿಲ್ಲೆ