ಜುಹೂ ಕಸಕ್ಕೆ ಭೇಲ್‌ಪುರಿಯವರನ್ನೇ ಯಾಕೆ ಬೈಯುವುದು?

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಮುಂಬೈಯ ಜುಹೂ ಬೀಚಿನ ಕಸದ ಫೋಟೊ ಪೇಪರಿನಲ್ಲಿ ಬರುತ್ತದೆ. ಕೂಡಲೇ ಅಲ್ಲಿನ ದೊಡ್ಡ ಮನೆಗಳವರ ಬಾಯಲ್ಲಿ ಒಂದೇ ಮಾತು: ಹೊರಗಿನವರು ಬಂದು ಗಲೀಜು ಮಾಡುತ್ತಾರೆ, ಮೊದಲು ತಿಂಡಿ ಅಂಗಡಿಗಳನ್ನು ಎಬ್ಬಿಸಿ.

ನಾನೂ ಆ ಹೊರಗಿನವನೇ. ಊರು ಕುಂದಾಪುರ ಕಡೆ, ಮನೆ ವಿಲೇಪಾರ್ಲೆ ಪೂರ್ವದ ಚಾಳಿನಲ್ಲಿ. ಹೋಟೆಲಿನ ಗಲ್ಲಾ ಬಿಟ್ಟು ರಿಟೈರ್ ಆದ ಮೇಲೆ ಬೆಳಗಿನ ವಾಕಿಂಗ್ ಜುಹೂದಲ್ಲೇ. 1924ರಲ್ಲಿ ಆಪರೇಷನ್ ಆದ ಮೇಲೆ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದು ಉಳಿದದ್ದೂ ಇಲ್ಲಿಯೇ. ಅವರೂ ಹೊರಗಿನವರೇ, ಅಲ್ವಾ? ಒಳಗಿನವರು ಅಂತ ಹೇಳಿಕೊಳ್ಳುವ ಹಕ್ಕಿದ್ದರೆ ಅದು ಕೋಳಿವಾಡದ ಮೀನುಗಾರರಿಗೆ.

ದೊಡ್ಡ ಭರತ, ಅಂದರೆ ಕಡಲಿನ ಉಬ್ಬರ, ಇಳಿದ ಮೇಲೆ ಮರಳಿನ ಮೇಲೆ ಏನೇನು ಬಿದ್ದಿದೆ ಅಂತ ಸ್ವಲ್ಪ ನಿಂತು ನೋಡಿ. ಶ್ಯಾಂಪೂ ಸ್ಯಾಶೆ, ಸವೆದ ಟೂತ್‌ಬ್ರಶ್, ಮಾತ್ರೆಯ ಖಾಲಿ ಪಟ್ಟಿ, ಹಾಲಿನ ತೊಟ್ಟೆ, ಒಂಟಿ ಚಪ್ಪಲಿ. ಭೇಲ್ ತಿನ್ನಲು ಬರುವವರು ಟೂತ್‌ಬ್ರಶ್ ಹಿಡಿದುಕೊಂಡು ಬರುತ್ತಾರಾ? ಇದು ಮನೆಗಳ ಕಸ. ನಮ್ಮ ಚಾಳಿನದ್ದೂ ಇರಬಹುದು, ಬಂಗಲೆಗಳದ್ದೂ ಇರಬಹುದು. ಇಲ್ಲಿನ ಇರ್ಲಾದಂಥ ನಾಲಾಗಳಿಗೆ, ಅಂದರೆ ದೊಡ್ಡ ಚರಂಡಿಗಳಿಗೆ, ಬಿದ್ದದ್ದೆಲ್ಲ ಮಳೆನೀರಿನ ಜೊತೆ ಕಡಲು ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ ಜೋರು. ಅಲೆಗಳು ಅದನ್ನೇ ತಿರುಗಿ ತಂದು ದಡಕ್ಕೆ ಎಸೆಯುತ್ತವೆ.

2005ರ ಜುಲೈ 26ರಂದು ಇಲ್ಲೇ ಪಕ್ಕದ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದದ್ದು ನೆನಪಿದೆಯಲ್ಲ. ಅದಾದ ಮೇಲೆ ಇರ್ಲಾದಲ್ಲಿ ಪಂಪಿಂಗ್ ಸ್ಟೇಶನ್ ಬಂತು. ಭರತದ ಹೊತ್ತಿನಲ್ಲಿ ನಾಲಾ ನೀರು ತಾನಾಗಿ ಕಡಲಿಗೆ ಇಳಿಯುವುದಿಲ್ಲ, ಪಂಪ್ ಹಾಕಿ ದೂಡಬೇಕು. ಒಳ್ಳೆಯ ಕೆಲಸ. ನೀರಿಗೆ ಇಷ್ಟು ತಲೆ ಓಡಿಸಿದ ಪಾಲಿಕೆ ಕಸಕ್ಕೂ ಓಡಿಸಲಿ. ಬೀಚಿನಲ್ಲಿ ಟ್ರ್ಯಾಕ್ಟರ್ ಬಿಟ್ಟು ಕಸ ಎತ್ತಿಸಿದರೆ ಮರುದಿನದ ಭರತಕ್ಕೆ ಮತ್ತೆ ಅಷ್ಟೇ ಬಂದು ಬೀಳುತ್ತದೆ. ನಾಲಾದ ಬಾಯಲ್ಲೇ ಅಡ್ಡ ಬಲೆ ಹಾಕಿ, ಮಳೆಗಾಲವಿಡೀ ದಿನಾ ಕಸ ತೆಗೆಸಬೇಕು. ದಿನಾ ಅಂದರೆ ದಿನಾ. ವಾರಕ್ಕೊಮ್ಮೆ ಅಂದರೆ ಬಲೆ ಕಟ್ಟಿಕೊಂಡು ನೀರು ನಮ್ಮ ಪಾರ್ಲೆಯ ರಸ್ತೆಗೇ ಬರುತ್ತದೆ!

ಭೇಲ್ ಅಂಗಡಿಯವರಿಗೂ ಒಂದು ಮಾತು. ಆ ಪ್ಲಾಸ್ಟಿಕ್ ಚಮಚ ಬಿಡಿ ಮಾರಾಯ್ರೆ. ಒಂದು ಪುರಿ ಜಾಸ್ತಿ ಕೊಡಿ, ಅದರಲ್ಲೇ ಎತ್ತಿ ತಿನ್ನುತ್ತೇವೆ.

– ಒಬ್ಬ ಹಳೇ ಓದುಗ, ವಿಲೇಪಾರ್ಲೆ ಪೂರ್ವ, ಮುಂಬೈ